ಪ್ರಾಥಮಿಕ ತರಗತಿಯಲ್ಲಿ ಬದುಕಿನ ಪಾಠ: ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಚ್ಚರ ಬೇಕು

"ವೇಳಾಪಟ್ಟಿಯಲ್ಲಿ ‘ವೈಯಕ್ತಿಕ, ಸಾಮಾಜಿಕ ಮತ್ತು ಆರೋಗ್ಯ ಶಿಕ್ಷಣ’ ಎಂದು ಬರೆದಿದ್ದಾರೆ. ಪಠ್ಯಪುಸ್ತಕ ಮಾತ್ರ ಕೊಟ್ಟಿಲ್ಲ. 40 ನಿಮಿಷ ಏನು ಮಾಡಿಸಲಿ?" ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಮಗು ಕೇಳಬಾರದ್ದನ್ನು ಕೇಳಿದರೆ?" ಮೂರನೆಯದನ್ನು ಹೆಚ್ಚಿನವರು ದನಿ ತಗ್ಗಿಸಿ ಕೇಳುತ್ತಾರೆ: "ಹೇಳಬಾರದ್ದನ್ನು ಹೇಳಿಬಿಟ್ಟರೆ?"

ಮೂರಕ್ಕೂ ಇಲ್ಲಿ ಉತ್ತರವಿದೆ. ಆದರೆ ಮೂರನೆಯದನ್ನೇ ಮೊದಲು ಎತ್ತಿಕೊಂಡಿದ್ದೇನೆ. ಅದಕ್ಕೆ ಸಿದ್ಧರಾಗದೆ ಉಳಿದೆರಡಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಇದು ನೀತಿಪಾಠವಲ್ಲ. ‘ಸುಳ್ಳು ಹೇಳಬಾರದು’ ಎಂದು ನೀತಿಪಾಠ ಹೇಳಿ ಮುಗಿಸುತ್ತದೆ. ಸುಳ್ಳು ಹೇಳಬೇಕೆನಿಸಿದ ಆ ಗಳಿಗೆಯಲ್ಲಿ ಎದೆ ಏಕೆ ಹೊಡೆದುಕೊಳ್ಳುತ್ತದೆ, ನಿಜ ಹೇಳಿದರೆ ಏನಾದೀತು, ಅದನ್ನು ಯಾವ ಮಾತಿನಲ್ಲಿ ಹೇಳಬಹುದು ಎಂಬಲ್ಲಿಂದ ನಮ್ಮ ಪಾಠ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇಂಥವನ್ನು ‘ಜೀವನ ಕೌಶಲ’ ಎಂದು ಕರೆದು ಹತ್ತನ್ನು ಪಟ್ಟಿ ಮಾಡಿತು. ನಿರ್ಧಾರ ತೆಗೆದುಕೊಳ್ಳುವುದು, ಇನ್ನೊಬ್ಬರ ನೋವನ್ನು ಅರಿಯುವುದು, ಭಾವನೆಗಳನ್ನು ಸಂಭಾಳಿಸುವುದು, ಒತ್ತಡವನ್ನು ತಾಳುವುದು ಆ ಪಟ್ಟಿಯಲ್ಲಿವೆ. ಕೌಶಲ ಎಂದ ಮೇಲೆ ಈಜಿನಂತೆಯೇ: ದಡದಲ್ಲಿ ನಿಂತು ಕೇಳಿಸಿಕೊಂಡರೆ ಬರುವುದಿಲ್ಲ, ನೀರಿಗಿಳಿದು ಕೈಕಾಲು ಆಡಿಸಬೇಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದಿಷ್ಟು ಖಾಲಿ ಹಾಳೆ, ಎರಡು ಬಣ್ಣದ ಪೆನ್ನು, ಮೇಲೆ ಸೀಳು ಇರುವ ಒಂದು ಡಬ್ಬ, ವಾರಕ್ಕೊಂದು ಪೀರಿಯಡ್ಡು. ಇವುಗಳ ಜೊತೆಗೆ ಒಂದು ಹೆಸರು ಬೇಕು. ಯಾರ ಹೆಸರು ಎಂಬುದು ಮೊದಲ ಹಂತದಲ್ಲಿದೆ.

ಹಂತ 1: ಮಗು ಬಾಯಿಬಿಟ್ಟರೆ ಏನು ಮಾಡುವಿರಿ?

ಭಾವನೆ, ದೇಹ, ಸುರಕ್ಷತೆ ಎಂದು ಮಾತು ಆರಂಭಿಸಿದ ಮೇಲೆ ಎಂದಾದರೊಂದು ದಿನ ಒಂದು ಮಗು ನಿಮ್ಮ ಮೇಜಿನ ಬಳಿ ಬಂದು ನಿಲ್ಲಬಹುದು. ಮನೆಯಲ್ಲಿ ಹೊಡೆತ ಬೀಳುತ್ತಿದೆ ಎನ್ನಬಹುದು, ಯಾರೋ ಮುಟ್ಟಬಾರದ ಕಡೆ ಮುಟ್ಟಿದರು ಎನ್ನಬಹುದು. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಇದನ್ನು ‘ಬಹಿರಂಗಪಡಿಸುವಿಕೆ’ ಎನ್ನುತ್ತಾರೆ, ಅಂದರೆ ಮಗು ತನಗಾದ ಹಾನಿಯನ್ನು ಮೊದಲ ಬಾರಿಗೆ ದೊಡ್ಡವರೊಬ್ಬರಿಗೆ ಹೇಳಿಕೊಳ್ಳುವುದು. ‘ಹೇಳಬಾರದ್ದು’ ಎಂದು ನಾವು ಕರೆಯುವುದು ಇದನ್ನೇ. ಮಗುವಿನ ಮಟ್ಟಿಗೆ ಅದು ಹೇಳಲೇಬೇಕಾದದ್ದು.

ಹಾಗಾಗಿ ಮೊದಲ ಪಾಠಕ್ಕೂ ಮುಂಚೆ ಮುಖ್ಯ ಶಿಕ್ಷಕರ ಬಳಿ ಕುಳಿತು ಮೂರು ವಿಷಯ ಬರೆದಿಟ್ಟುಕೊಳ್ಳಿ. ಶಾಲೆಯಲ್ಲಿ ಮಕ್ಕಳ ರಕ್ಷಣೆಗೆ ಹೊಣೆ ಹೊತ್ತವರ ಹೆಸರು. ಅವರು ರಜೆಯಲ್ಲಿದ್ದರೆ ಇನ್ನಾರು ಎಂಬುದು. ನಿಮ್ಮಲ್ಲಿನ ಕಾನೂನು ಯಾರಿಗೆ, ಎಷ್ಟು ಬೇಗ ತಿಳಿಸಬೇಕೆನ್ನುತ್ತದೆ ಎಂಬುದು. ಮಕ್ಕಳ ಸಹಾಯವಾಣಿಯ ಸಂಖ್ಯೆಯೂ ಅದೇ ಹಾಳೆಯಲ್ಲಿರಲಿ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿ, ಎಲ್ಲ ಬಗೆಯ ಹಿಂಸೆಯಿಂದಲೂ ಮಗುವನ್ನು ಕಾಪಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಶಾಲೆಯಲ್ಲಿ ಅದು ಕಾರ್ಯರೂಪಕ್ಕೆ ಬರುವುದು ಇಂಥದೊಂದು ಹಾಳೆಯಿಂದ.

ಮಗು ಮಾತಾಡಿದಾಗ ಮಾಡಬೇಕಾದದ್ದು ಇಷ್ಟು. ಕೆಲಸ ಬದಿಗಿಟ್ಟು ಕೇಳಿ. ಮುಖದಲ್ಲಿ ಗಾಬರಿ ತೋರಿಸಬೇಡಿ. ನಿಮಗೆ ನೋವಾಯಿತೆಂದು ಅನಿಸಿದರೆ ಮಗು ಅರ್ಧಕ್ಕೇ ನಿಲ್ಲಿಸುತ್ತದೆ. "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. "ಆಮೇಲೆ?", "ಅದರ ಬಗ್ಗೆ ಇನ್ನೂ ಹೇಳುತ್ತೀಯಾ?" ಎಂದಷ್ಟೇ ಕೇಳಿ. "ಚಿಕ್ಕಪ್ಪ ಹೊಡೆದರಾ?" ಎಂದು ನೀವೇ ಉತ್ತರವನ್ನು ಮಗುವಿನ ಬಾಯಿಗೆ ಇಡಬೇಡಿ. ಹಾಗೆ ಕೇಳಿದ ಪ್ರಶ್ನೆ ಮುಂದೆ ತನಿಖೆಯನ್ನೇ ಕೆಡಿಸಬಹುದು. ಗಾಯದ ಫೋಟೊ ತೆಗೆಯಬೇಡಿ, ಬಟ್ಟೆ ಸರಿಸಿ ತೋರಿಸಲು ಹೇಳಬೇಡಿ. ಅದೇ ದಿನ, ಮಗು ಬಳಸಿದ ಪದಗಳಲ್ಲೇ, ದಿನಾಂಕ ಮತ್ತು ಸಮಯದ ಸಮೇತ ಬರೆದಿಟ್ಟು ಹೊಣೆ ಹೊತ್ತವರಿಗೆ ಒಪ್ಪಿಸಿ. ತನಿಖೆ ನಿಮ್ಮ ಕೆಲಸವಲ್ಲ. ಆರೋಪಕ್ಕೆ ಒಳಗಾದವರನ್ನು ನೀವೇ ಕರೆಸಿ ಕೇಳುವುದಂತೂ ಮಗುವನ್ನು ಇನ್ನಷ್ಟು ಅಪಾಯಕ್ಕೆ ದೂಡಬಹುದು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು: "ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತೀರಾ?" ಎಂದು ಮಗು ಕೇಳಿದಾಗ ಕರಗಿ "ಆಯಿತು" ಎಂದುಬಿಡುವುದು. ಆ ಮಾತನ್ನು ನೀವು ಮುರಿಯಲೇಬೇಕಾಗುತ್ತದೆ. ಅದರ ಬದಲು ಹೀಗೆನ್ನಿ: "ನಿನ್ನನ್ನು ಕಾಪಾಡುವುದಕ್ಕೆ ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳುತ್ತೇನೆ. ಯಾರಿಗೆ ಎಂಬುದನ್ನು ನಿನಗೂ ತಿಳಿಸುತ್ತೇನೆ."

ಹಂತ 2: ಏನು ಗೊತ್ತಿದೆ ಎಂದು ನೋಡಿ

ಪ್ರತಿ ಹೊಸ ವಿಷಯಕ್ಕೂ ಮೊದಲು ಒಂದು ಹಾಳೆ ಕೊಟ್ಟು ಚಿತ್ರ ಬರೆಯಲು ಹೇಳಿ. ಚಿಕ್ಕ ತರಗತಿಯಾದರೆ "ಆರೋಗ್ಯವಾಗಿರಲು ಏನೇನು ಮಾಡುತ್ತೇವೆ?", ದೊಡ್ಡ ತರಗತಿಯಾದರೆ "ಒಳ್ಳೆಯ ಸ್ನೇಹ ಎಂದರೆ ಹೇಗಿರುತ್ತದೆ?" ಎಂಬಂಥ ಪ್ರಶ್ನೆ ಸಾಕು. ಚಿತ್ರದ ಪಕ್ಕದಲ್ಲಿ ಒಂದೆರಡು ಮಾತು ಬರೆಯಲಿ, ಬರೆಯಲಾಗದವರು ಹೇಳಲಿ, ನೀವು ಬರೆದುಕೊಳ್ಳಿ. ಸಹಾಯ ಮಾಡಬೇಡಿ, ತಿದ್ದಲೂಬೇಡಿ. ಇದು ಪರೀಕ್ಷೆಯಲ್ಲ, ಆರಂಭದ ಅಳತೆ. ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ, ಕೊನೆಯ ಹಂತದಲ್ಲಿ ಮತ್ತೆ ಬೇಕಾಗುತ್ತವೆ.

ಈ ಹಂತ ಬಿಟ್ಟವರು ಸಾಮಾನ್ಯವಾಗಿ ಮಕ್ಕಳಿಗೆ ಗೊತ್ತಿರುವುದನ್ನೇ ಹೇಳುತ್ತಾ ಕೂರುತ್ತಾರೆ. ‘ಹಲ್ಲು ಉಜ್ಜಬೇಕು’ ಎಂಬುದು ಪ್ರತಿ ಮಗುವಿಗೂ ಗೊತ್ತು. ದಿನಕ್ಕೆ ಎರಡು ಸಲ, ಒಂದೊಂದು ಸಲವೂ ಎರಡು ನಿಮಿಷ ಎಂಬುದು ಕೆಲವರಿಗೆ ಗೊತ್ತಿರಬಹುದು. ಆರನೆಯ ವಯಸ್ಸಿನ ಆಸುಪಾಸಿನಲ್ಲಿ ಹಿಂದುಗಡೆ ಹುಟ್ಟುವ ದವಡೆ ಹಲ್ಲು ಹಾಲುಹಲ್ಲಲ್ಲ, ಅದು ಹೋದರೆ ಮತ್ತೆ ಬರುವುದಿಲ್ಲ ಎಂಬುದು ಬಹುಪಾಲು ಮಕ್ಕಳಿಗೆ ಹೊಸ ಸುದ್ದಿ. ಪಾಠ ಅಲ್ಲಿಂದ ಶುರುವಾಗಲಿ.

ಹಂತ 3: ತರಗತಿಯ ಒಪ್ಪಂದ

ನಿಯಮಗಳನ್ನು ನೀವು ಬರೆದು ಗೋಡೆಗೆ ಅಂಟಿಸಿದರೆ ಅವು ನಿಮ್ಮವಾಗಿಯೇ ಉಳಿಯುತ್ತವೆ. "ಇಲ್ಲಿ ಮಾತಾಡಲು ನಿಮಗೆ ಧೈರ್ಯ ಬರಬೇಕಾದರೆ ಏನಿರಬೇಕು, ಏನಿರಬಾರದು?" ಎಂದು ಕೇಳಿ, ಬಂದದ್ದನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ನಗಬಾರದು, ನಡುವೆ ಬಾಯಿ ಹಾಕಬಾರದು ಎಂಬುವು ತಾವಾಗಿಯೇ ಬರುತ್ತವೆ. ಮಕ್ಕಳಿಗೆ ಹೊಳೆಯದ ಎರಡನ್ನು ನೀವು ಸೇರಿಸಿ. ಒಂದು, ಮಾತಾಡಲು ಇಷ್ಟವಿಲ್ಲದವರು "ನನ್ನನ್ನು ಬಿಡಿ" ಎನ್ನಬಹುದು, ಕಾರಣ ಹೇಳಬೇಕಿಲ್ಲ. ಎರಡು, ಇಲ್ಲಿ ಹೆಸರು ಹಿಡಿದು ಮಾತಾಡುವಂತಿಲ್ಲ, "ಒಬ್ಬರು ಹೀಗೆ ಮಾಡಿದರು" ಎಂದಷ್ಟೇ ಹೇಳಬೇಕು.

‘ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು’ ಎಂಬ ನಿಯಮವನ್ನು ಮಾತ್ರ ಸೇರಿಸಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಜೊತೆಗೆ, ಗುಟ್ಟು ಕಾಪಾಡಿಕೋ ಎಂದು ನಾವೇ ಕಲಿಸಿದಂತಾಗುತ್ತದೆ.

ಹಂತ 4: ‘ನೀನು’ ಬಿಟ್ಟು ‘ಯಾರೋ ಒಬ್ಬರು’

ಹಿಂದೊಮ್ಮೆ ನಾನು ಸಿಟ್ಟಿನ ಬಗ್ಗೆ ಪಾಠ ಮಾಡುತ್ತಾ "ನಿಮ್ಮ ಮನೆಯಲ್ಲಿ ಯಾರಿಗೆ ಸಿಟ್ಟು ಹೆಚ್ಚು?" ಎಂದು ಕೇಳಿಬಿಟ್ಟಿದ್ದೆ. ಒಬ್ಬ ಹುಡುಗ ಎದ್ದು ನಿಂತು ನಡೆದದ್ದನ್ನು ನಡೆದಂತೆ ಹೇಳಿದ. ತರಗತಿ ನಕ್ಕಿತು. ಅವನು ಆ ವರ್ಷ ಮತ್ತೆ ಕೈ ಎತ್ತಲಿಲ್ಲ. ತಪ್ಪು ಪೂರ್ತಿಯಾಗಿ ನನ್ನ ಪ್ರಶ್ನೆಯದು.

ಇದನ್ನು ತಪ್ಪಿಸುವ ವಿಧಾನಕ್ಕೆ ‘ಅಂತರ ಕಾಯ್ದುಕೊಳ್ಳುವುದು’ ಎನ್ನುತ್ತಾರೆ. ಮಗುವಿನ ಸ್ವಂತ ಬದುಕನ್ನು ಕೆದಕದೆ, ಅದೇ ವಯಸ್ಸಿನ ಕಲ್ಪಿತ ಮಗುವೊಂದರ ಕಥೆಯ ಮೂಲಕ ಅದೇ ವಿಷಯಕ್ಕೆ ಬರುವುದು ಎಂದರ್ಥ. ನಾಲ್ಕು ಸಾಲಿನ ಕಥೆ ಸಾಕು: ಆಟಕ್ಕೆ ಸೇರಿಸಿಕೊಳ್ಳದ ಗೆಳೆಯರು, ಒಡೆದುಹೋದ ವಸ್ತು, ಮೊಬೈಲಿಗೆ ಬಂದ ವಿಚಿತ್ರ ಸಂದೇಶ. ಬಿಕ್ಕಟ್ಟಿನ ಹಂತಕ್ಕೆ ಬಂದಾಗ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ. ಈ ಮಗುವಿಗೆ ಈಗ ಏನನ್ನಿಸುತ್ತಿರಬಹುದು? ಏನೇನು ಮಾಡಬಹುದು? ಯಾರ ಬಳಿ ಹೋಗಬಹುದು, ಹೋಗಿ ಮೊದಲ ವಾಕ್ಯ ಏನೆಂದು ಹೇಳಬೇಕು? ಮೂರನೆಯದರ ಕೊನೆಯ ಭಾಗವನ್ನು ಬಿಡಬೇಡಿ. ಯಾರಿಗೆ ಹೇಳಬೇಕೆಂದು ಮಕ್ಕಳಿಗೆ ಗೊತ್ತಿರುತ್ತದೆ, ಬಾಯಿ ತೆರೆಯುವುದು ಹೇಗೆಂದು ಗೊತ್ತಿರುವುದಿಲ್ಲ. ಆ ವಾಕ್ಯವನ್ನು ಪ್ರತಿಯೊಬ್ಬರಿಂದಲೂ ಗಟ್ಟಿಯಾಗಿ ಹೇಳಿಸಿ.

ಕಥೆಯ ಮಗುವಿಗೆ ತರಗತಿಯಲ್ಲಿ ಯಾರಿಗೂ ಇಲ್ಲದ ಹೆಸರಿಡಿ. ಕಥೆ ತರಗತಿಯ ಯಾವುದೋ ಮಗುವಿನ ಮನೆಯ ಸಂಗತಿಯನ್ನು ಹೋಲದಂತೆಯೂ ನೋಡಿಕೊಳ್ಳಿ. ಮಕ್ಕಳು ಅಂಥದ್ದನ್ನು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ. ಪಾತ್ರಾಭಿನಯ ಮಾಡಿಸುವುದಾದರೆ ಪೀಡಿಸುವವನ ಪಾತ್ರವನ್ನು ನೀವೇ ವಹಿಸಿಕೊಳ್ಳಿ. ಆಟ ಮುಗಿದ ಮೇಲೆ ಪ್ರತಿ ಮಗುವೂ ತನ್ನ ನಿಜವಾದ ಹೆಸರು ಹೇಳಿ, ಮೈ ಕೊಡವಿ ಪಾತ್ರ ಕಳಚಿಡಲಿ. ಸಣ್ಣ ವಿಷಯ ಎನಿಸಬಹುದು, ಆದರೆ ಇದನ್ನು ಬಿಟ್ಟರೆ ಪಾತ್ರದ ಅಡ್ಡಹೆಸರು ಆಟದ ಮೈದಾನದವರೆಗೂ ಮಗುವಿನ ಬೆನ್ನು ಹತ್ತುತ್ತದೆ.

ಹಂತ 5: ‘ಬೇಜಾರು’ ಎಂಬ ಒಂದೇ ಪದವನ್ನು ಬಿಡಿಸಿ

ಕನ್ನಡ ಆಡುವ ಮಕ್ಕಳನ್ನು ಏನನ್ನಿಸುತ್ತಿದೆ ಎಂದು ಕೇಳಿದರೆ ಸಿಗುವುದು ಎರಡೇ ಉತ್ತರ: ಖುಷಿ, ಬೇಜಾರು. ಕೆಲಸವಿಲ್ಲದೆ ಕುಳಿತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು. ದೊಡ್ಡವರಾದ ನಮಗೂ ಅದು ಬಲು ಅನುಕೂಲದ ಪದ, ಏನನ್ನೂ ಹೇಳದೆ ಹೇಳಿದಂತಾಗುತ್ತದೆ.

ಹಾಗಾಗಿ ಭಾವನೆಯ ಪಾಠವನ್ನು ಪದಗಳಿಂದಲೇ ಆರಂಭಿಸಿ. ಬೇಸರ, ದುಃಖ, ಮುನಿಸು, ಸಿಟ್ಟು, ಅವಮಾನ, ಹೊಟ್ಟೆಕಿಚ್ಚು, ಸಂಕೋಚ, ದಿಗಿಲು, ಕಳವಳ, ಒಂಟಿತನ: ಇವನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ. ಒಂದೊಂದು ಸನ್ನಿವೇಶ ಹೇಳಿ, ಯಾವ ಚೀಟಿ ಹೊಂದುತ್ತದೆ ಎಂದು ಕೇಳಿ. ಮುನಿಸಿಗೂ ಸಿಟ್ಟಿಗೂ ಏನು ವ್ಯತ್ಯಾಸ? ಮುನಿಸಿಕೊಳ್ಳುವುದು ಪ್ರೀತಿ ಇರುವವರ ಮೇಲೆ ಮಾತ್ರವೇ? ಎಂಟು ವರ್ಷದವರು ಇದನ್ನು ಅರ್ಧ ಗಂಟೆ ಚರ್ಚಿಸಬಲ್ಲರು. ಆಮೇಲೆ ಆ ಭಾವನೆ ದೇಹದಲ್ಲಿ ಎಲ್ಲಿ ತೋರುತ್ತದೆ ಎಂದು ಕೇಳಿ: ಹೊಟ್ಟೆ ತೊಳಸುತ್ತದೆಯೇ, ಅಂಗೈ ಬೆವರುತ್ತದೆಯೇ, ಗಂಟಲು ಕಟ್ಟುತ್ತದೆಯೇ? ಮುಂದೆ ಸುರಕ್ಷತೆಯ ಪಾಠಕ್ಕೆ ಈ ಮೈಯ ಸೂಚನೆಗಳೇ ಬೇಕು.

ಯಾವ ಭಾವನೆಯನ್ನೂ ‘ಕೆಟ್ಟದ್ದು’ ಎನ್ನಬೇಡಿ. ಸಿಟ್ಟು ಬರುವುದು ತಪ್ಪಲ್ಲ, ಸಿಟ್ಟಿನಲ್ಲಿ ಹೊಡೆಯುವುದು ತಪ್ಪು. ಈ ಗೆರೆ ಸ್ಪಷ್ಟವಾಗಿರಲಿ.

ಹಂತ 6: ಒಂದು ಪಾಠ, ನಿಮಿಷದ ಲೆಕ್ಕದಲ್ಲಿ

ವಿಷಯ: ಗುಟ್ಟು ಮತ್ತು ಅಚ್ಚರಿ. ವಯಸ್ಸು ಎಂಟರಿಂದ ಒಂಬತ್ತು. ಅವಧಿ 40 ನಿಮಿಷ.

ಮೊದಲ 5 ನಿಮಿಷ ಒಪ್ಪಂದವನ್ನು ನೆನಪಿಸಿ. ಮುಂದಿನ 10 ನಿಮಿಷ ಎರಡು ಕಥೆ ಹೇಳಿ. ಒಂದರಲ್ಲಿ ಅಮ್ಮನ ಹುಟ್ಟುಹಬ್ಬಕ್ಕೆ ಉಡುಗೊರೆ ಬಚ್ಚಿಡುತ್ತಾರೆ. ಇನ್ನೊಂದರಲ್ಲಿ ಪರಿಚಯದ ದೊಡ್ಡವರೊಬ್ಬರು ಮಗುವಿಗೆ ಮುಜುಗರವಾಗುವಂತೆ ನಡೆದುಕೊಂಡು, "ಯಾರಿಗಾದರೂ ಹೇಳಿದರೆ ನಿನ್ನನ್ನೇ ಬೈಯುತ್ತಾರೆ" ಎನ್ನುತ್ತಾರೆ. ಎರಡರಲ್ಲೂ ‘ಹೇಳಬೇಡ’ ಎಂಬ ಮಾತಿದೆ. ವ್ಯತ್ಯಾಸ ಎಲ್ಲಿದೆ?

10 ನಿಮಿಷ ಜೋಡಿಗಳಲ್ಲಿ ಚರ್ಚಿಸಲಿ. ಮಕ್ಕಳು ತಾವೇ ಹುಡುಕಬೇಕಾದ ಒರೆಗಲ್ಲು ಇದು: ಈ ಸಂಗತಿ ಮುಂದೆ ಎಲ್ಲರಿಗೂ ಗೊತ್ತಾಗಲಿದೆಯೇ? ಗೊತ್ತಾದಾಗ ಅವರಿಗೆ ಸಂತೋಷವಾಗುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಅದು ಅಚ್ಚರಿ. ಎಂದಿಗೂ ಹೇಳಬಾರದು, ಹೇಳಿದರೆ ಕೆಡುಕಾಗುತ್ತದೆ ಎಂದರೆ ಅದು ಹೇಳಲೇಬೇಕಾದ ಗುಟ್ಟು. ಉಳಿದ ಸಮಯದಲ್ಲಿ ಪ್ರತಿ ಮಗುವೂ ತನ್ನ ಅಂಗೈಯ ಅಚ್ಚು ಬರೆದು, ಐದು ಬೆರಳಿಗೆ ಐದು ಜನ ನಂಬಿಗಸ್ತ ದೊಡ್ಡವರ ಹೆಸರು ಬರೆಯಲಿ. ಒಬ್ಬರಾದರೂ ಮನೆಯ ಹೊರಗಿನವರಾಗಿರಲಿ. ಮೊದಲನೆಯವರು ನಂಬದಿದ್ದರೆ ಎರಡನೆಯವರ ಬಳಿ ಹೋಗಬೇಕು ಎಂಬುದನ್ನು ಹೇಳಿ ಮುಗಿಸಿ. ಹೆಸರುಗಳನ್ನು ಗಟ್ಟಿಯಾಗಿ ಓದಿಸಬೇಡಿ. ಐದು ಬೆರಳೂ ಖಾಲಿ ಇರುವ ಹಾಳೆ ಕಂಡರೆ ಆ ಮಗುವಿನ ಮೇಲೆ ಕಣ್ಣಿಡಿ.

ಈ ಪಾಠದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಅಪಾಯವೆಂದರೆ ಅಪರಿಚಿತರು ಎಂದು ಬಿಂಬಿಸುವುದು. ಮಕ್ಕಳಿಗೆ ಲೈಂಗಿಕ ಹಾನಿ ಮಾಡುವವರಲ್ಲಿ ಬಹುಪಾಲು ಜನ ಮಗುವಿಗೆ ಗೊತ್ತಿರುವವರೇ. ಹಾಗಾಗಿ ‘ಯಾರು’ ಎಂಬುದಕ್ಕಿಂತ ‘ಏನು ಮಾಡಿದರು’ ಎಂಬುದರ ಮೇಲೆ ಮಾತು ನಿಲ್ಲಲಿ.

ಇನ್ನೊಂದು ಮಾತು ‘ಚಾಡಿ’ಯ ಬಗ್ಗೆ. "ಚಾಡಿ ಹೇಳಬೇಡ, ಹೋಗಿ ಕುಳಿತುಕೋ" ಎಂದು ದಿನಕ್ಕೆ ಹತ್ತು ಸಲ ಹೇಳುವ ತರಗತಿಯಲ್ಲಿ ಮೇಲಿನ ಪಾಠವಷ್ಟೂ ವ್ಯರ್ಥ. ಯಾರನ್ನೋ ಸಿಕ್ಕಿಸುವುದಕ್ಕೆ ಹೇಳಿದರೆ ಅದು ಚಾಡಿ, ತನ್ನನ್ನೋ ಇನ್ನೊಬ್ಬರನ್ನೋ ಪಾರು ಮಾಡುವುದಕ್ಕೆ ಹೇಳಿದರೆ ಅದು ನೆರವು ಕೇಳುವುದು ಎಂಬ ಭೇದವನ್ನು ಮಕ್ಕಳಿಗೆ ಕಲಿಸಿ, ನೀವೂ ಪಾಲಿಸಿ.

ಹಂತ 7: ದೇಹ ಮತ್ತು ಆರೋಗ್ಯ

ಇಲ್ಲಿ ಮಾಡಿ ನೋಡುವುದಕ್ಕೆ ಬೇಕಾದಷ್ಟಿದೆ. ಕೈತೊಳೆಯುವ ಪಾಠಕ್ಕೆ ಅಂಗೈಗೆ ಎಣ್ಣೆ ಸವರಿ ಸೀಮೆಸುಣ್ಣದ ಪುಡಿ ಉದುರಿಸಿ. ಅರ್ಧ ಮಕ್ಕಳು ಬರೀ ನೀರಿನಲ್ಲಿ, ಇನ್ನರ್ಧ ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯಲಿ. ಸಾಬೂನಿನ ಕಣಕ್ಕೆ ಎರಡು ತುದಿ, ಒಂದು ಜಿಡ್ಡನ್ನು ಹಿಡಿದರೆ ಇನ್ನೊಂದು ನೀರನ್ನು ಹಿಡಿಯುತ್ತದೆ ಎಂಬ ವಿವರಣೆ ಆಮೇಲೆ ಬರಲಿ. ನಿದ್ದೆಗೆ ಒಂದು ವಾರದ ದಿನಚರಿ ಬರೆಸಿ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಐದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಆಟ ಬೇಕು. ಆದರೆ ಆ ದಿನಚರಿಯನ್ನು ತರಗತಿಯ ಮುಂದೆ ಹೋಲಿಸಬೇಡಿ. ತೂಕ, ಊಟದ ಡಬ್ಬಿಗಳ ವಿಷಯದಲ್ಲಂತೂ ಹೋಲಿಕೆ ಬೇಡವೇ ಬೇಡ. ಊಟ, ನಿದ್ದೆ ಮಗುವಿನ ಕೈಯಲ್ಲಿರುವುದಕ್ಕಿಂತ ಮನೆಯವರ ಕೈಯಲ್ಲಿರುವುದೇ ಹೆಚ್ಚು.

ಖಾಸಗಿ ಅಂಗಗಳಿಗೆ ಸರಿಯಾದ ಹೆಸರನ್ನೇ ಬಳಸಿ. ಶಿಶ್ನ, ಯೋನಿ ಎಂಬ ಪದಗಳನ್ನು ಮೂಗು, ಮೊಣಕೈ ಎಂದಷ್ಟೇ ಸಮದನಿಯಲ್ಲಿ ಹೇಳಲು ಬೇಕಿದ್ದರೆ ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬನ್ನಿ. ಮುದ್ದುಹೆಸರು ಮಾತ್ರ ಗೊತ್ತಿರುವ ಮಗು ತನಗಾದದ್ದನ್ನು ಹೇಳಿದರೂ ಎಷ್ಟೋ ಸಲ ಕೇಳಿದವರಿಗೆ ಅರ್ಥವಾಗಿರುವುದಿಲ್ಲ.

ಪ್ರೌಢಾವಸ್ಥೆಯ ಬದಲಾವಣೆಗಳು ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಆರಂಭವಾಗುತ್ತವೆ. ಎಂದರೆ ಕೆಲವರಿಗೆ ಪ್ರಾಥಮಿಕ ಶಾಲೆಯಲ್ಲೇ. ಮುಟ್ಟಿನ ಬಗ್ಗೆ ಮೊದಲ ಮುಟ್ಟಿಗೂ ಮುನ್ನ ತಿಳಿದಿರಬೇಕು. ಇಲ್ಲದಿದ್ದರೆ ರಕ್ತ ಕಂಡ ಮಗು ತನಗೇನೋ ರೋಗ ಬಂದಿದೆ ಎಂದುಕೊಳ್ಳುತ್ತದೆ. ಈ ಪಾಠದ ದಿನ ಹುಡುಗರನ್ನು ಆಟಕ್ಕೆ ಕಳಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಪಾಠ ಎಲ್ಲರಿಗೂ ಒಟ್ಟಿಗೆ ಇರಲಿ, ಬೇಕಿದ್ದರೆ ಪ್ರಶ್ನೆಗಳ ಸಮಯ ಬೇರೆಬೇರೆ ಇರಲಿ.

ತಂಬಾಕು, ಮದ್ಯದ ವಿಷಯ ಬಂದಾಗ ಭಯಾನಕ ಚಿತ್ರ ತೋರಿಸುವ ಆಸೆ ಬರುತ್ತದೆ. ಹೆದರಿಕೆ ಒಂದು ವಾರ ಉಳಿದೀತು. ಗೆಳೆಯ ಒತ್ತಾಯಿಸಿದಾಗ "ನನಗೆ ಬೇಡ, ಆಡೋಣ ಬಾ" ಎಂದು ಹೇಳುವ ಅಭ್ಯಾಸ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಕುಡಿಯುವ ತಂದೆಯ ಮಗುವೂ ಅದೇ ತರಗತಿಯಲ್ಲಿ ಕುಳಿತಿರಬಹುದು, ‘ಕುಡಿಯುವವರು ಕೆಟ್ಟವರು’ ಎಂಬ ಮಾತು ಅಲ್ಲಿಗೆ ಹೋಗಿ ನಾಟುತ್ತದೆ.

ಹಂತ 8: ಪ್ರಶ್ನೆ ಪೆಟ್ಟಿಗೆ

ಸೀಳು ಇರುವ ಡಬ್ಬ ಬೇಕೆಂದಿದ್ದು ಇದಕ್ಕೆ. ಪ್ರತಿ ಪಾಠದ ಕೊನೆಗೆ ಎಲ್ಲರೂ ಒಂದು ಚೀಟಿ ಹಾಕಲೇಬೇಕು. ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದು ಬರೆಯಲಿ. ಆಗ ಯಾರು ಬರೆದರು ಎಂಬ ಕುತೂಹಲಕ್ಕೆ ಜಾಗವಿರುವುದಿಲ್ಲ. ಚೀಟಿಗಳನ್ನು ಅಲ್ಲೇ ತೆಗೆದು ಓದಬೇಡಿ. ಸಂಜೆ ಓದಿ, ಉತ್ತರ ಸಿದ್ಧಪಡಿಸಿ, ಮುಂದಿನ ವಾರ ಹೇಳಿ. ತಮಗೆ ನೆರವು ಬೇಕೆಂದಿದ್ದರೆ ಹೆಸರು ಬರೆಯಬಹುದು ಎಂದೂ ತಿಳಿಸಿ.

‘ಕೇಳಬಾರದ’ ಪ್ರಶ್ನೆ ತರಗತಿಯಲ್ಲೇ ಬಂದರೆ? ಬೈದರೆ ಆ ಮಗು ಮಾತ್ರವಲ್ಲ, ಇಡೀ ತರಗತಿಯೇ ಬಾಯಿ ಮುಚ್ಚುತ್ತದೆ. "ಒಳ್ಳೆಯ ಪ್ರಶ್ನೆ, ನಿನಗೆ ಏನು ಗೊತ್ತಿದೆ?" ಎಂದು ತಿರುಗಿ ಕೇಳಿ. "ಮಗು ಎಲ್ಲಿಂದ ಬರುತ್ತದೆ?" ಎಂದು ಆರು ವರ್ಷದವರು ಕೇಳಿದರೆ ಹೆಚ್ಚಾಗಿ ಅವರಿಗೆ ಬೇಕಾಗಿರುವುದು "ಅಮ್ಮನ ಹೊಟ್ಟೆಯೊಳಗಿನ ಗರ್ಭಕೋಶ ಎಂಬ ಚೀಲದಿಂದ" ಎಂಬಷ್ಟು ಉತ್ತರವೇ. ವಯಸ್ಸಿಗೆ ಮೀರಿದ್ದಾದರೆ "ಇದಕ್ಕೆ ಮುಂದಿನ ತರಗತಿಯಲ್ಲಿ ಉತ್ತರವಿದೆ, ಈಗಲೇ ಬೇಕೆಂದರೆ ಮನೆಯವರನ್ನು ಕೇಳು" ಎನ್ನಬಹುದು. ನಿಮಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ತಿಳಿದುಕೊಂಡು ಬಂದು ಹೇಳಿ. ಮಗು ತನ್ನ ವಯಸ್ಸಿಗೆ ತಿಳಿದಿರಲಾರದ ವಿವರವನ್ನು ಕರಾರುವಾಕ್ಕಾಗಿ ಕೇಳಿದರೆ ಅದು ಬರೀ ಪ್ರಶ್ನೆಯಲ್ಲದಿರಬಹುದು. ಒಂದನೆಯ ಹಂತದ ಹಾಳೆಯನ್ನು ತೆಗೆಯಿರಿ.

ಹಂತ 9: ಪೋಷಕರು

ಪಾಠವಾದ ಮೇಲಲ್ಲ, ಮೊದಲೇ ಕರೆಯಿರಿ. ಏನು ಕಲಿಸುತ್ತೀರಿ, ಯಾವ ಪದ, ಯಾವ ಚಿತ್ರ ಬಳಸುತ್ತೀರಿ ಎಂಬುದನ್ನು ನೇರವಾಗಿ ತೋರಿಸಿ. ಆಕ್ಷೇಪಗಳಲ್ಲಿ ಹೆಚ್ಚಿನವು ಪಾಠವನ್ನು ಕಾಣದವರ ಊಹೆಯಿಂದ ಹುಟ್ಟಿದವು. ಮನೆಯಲ್ಲಿ ಮಗು ಕೇಳಬಹುದಾದ ನಾಲ್ಕೈದು ಪ್ರಶ್ನೆಗಳನ್ನು ಉತ್ತರ ಸಮೇತ ಒಂದು ಹಾಳೆಯಲ್ಲಿ ಕೊಟ್ಟರೆ ಪೋಷಕರು ನಿಮ್ಮ ಜೊತೆಗೇ ನಿಲ್ಲುತ್ತಾರೆ.

ಹಂತ 10: ಕಲಿತರೇ?

ಅಂಕ ಕೊಡಬೇಡಿ. ‘ಸಹಾನುಭೂತಿ: ಹತ್ತಕ್ಕೆ ಏಳು’ ಎಂದು ಬರೆಯುವುದು ಹಾಸ್ಯಾಸ್ಪದ. ಎರಡನೆಯ ಹಂತದಲ್ಲಿ ಎತ್ತಿಟ್ಟ ಹಾಳೆಯನ್ನು ಅದೇ ಮಗುವಿಗೆ ಮರಳಿಸಿ, ಈ ಸಲ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಲು, ಸೇರಿಸಲು ಹೇಳಿ. ಎರಡು ಬಣ್ಣಗಳ ನಡುವಿನ ವ್ಯತ್ಯಾಸವೇ ಕಲಿಕೆಯ ಅಳತೆ. ಎರಡನೆಯ ಬಣ್ಣ ಎಲ್ಲೂ ಕಾಣದಿದ್ದರೆ ಪಾಠ ಮುಟ್ಟಲಿಲ್ಲವೆಂದು ತಿಳಿಯಿರಿ. ಅದೇ ವಿಷಯಕ್ಕೆ ಮುಂದಿನ ವರ್ಷ, ಆ ವಯಸ್ಸಿಗೆ ತಕ್ಕ ಕಥೆಯೊಂದಿಗೆ ಮರಳಿ ಬನ್ನಿ. ಇದಕ್ಕೆ ‘ಸುರುಳಿ ಪಠ್ಯಕ್ರಮ’ ಎಂದು ಹೆಸರು. ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರಲ್ಲಿ ಮುಂದಿಟ್ಟ ವಿಚಾರವಿದು: ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರಬೇಕು, ಪ್ರತಿ ಸಲವೂ ಒಂದು ಸುತ್ತು ಆಳಕ್ಕೆ ಇಳಿಯಬೇಕು. ವರ್ಷಕ್ಕೊಂದು ದಿನ ಹೊರಗಿನವರನ್ನು ಕರೆಸಿ ಭಾಷಣ ಮಾಡಿಸಿ ಕೈತೊಳೆದುಕೊಳ್ಳುವ ಶಾಲೆಗಳಲ್ಲಿ ಆ ಎರಡನೆಯ ಬಣ್ಣಕ್ಕೆ ಅವಕಾಶವೇ ಇರುವುದಿಲ್ಲ.

ವರ್ಷದ ಕೊನೆಗೆ ಎರಡು ಬಣ್ಣದ ಆ ಹಾಳೆಗಳನ್ನು ಮುಂದಿನ ತರಗತಿಯ ಶಿಕ್ಷಕರಿಗೆ ಕೊಡಿ. ಅಂಗೈ ಅಚ್ಚಿನ ಹಾಳೆಗಳನ್ನು ಮಾತ್ರ ಮಕ್ಕಳೇ ಇಟ್ಟುಕೊಳ್ಳಲಿ.